ಹುಣ್ಣಿಮೆಯ ಋಣ

ಸಂಸ್ಕೃತ ಪಾಠಶಾಲೆಯಲ್ಲಿ ನಾನು ವ್ಯಾಕರಣವನ್ನು ಓದುತ್ತಿದ್ದಾಗ, ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ತಿಂಗಳುಗಳ ಹೆಸರನ್ನು ಸಾಧಿಸಿಕೊಡುವ ಸೂತ್ರವು ಪಾಠಕ್ಕೆ ಬಂದ ದಿನ ನನಗಾದ ಸಂತೋಷವು ಇಂದಿಗೂ ನೆನಪಿನಲ್ಲಿದೆ. ಚಿತ್ರಾ ನಕ್ಷತ್ರದ ಬಳಿ ಚಂದ್ರನು ತುಂಬುವ ತಿಂಗಳು ಚೈತ್ರ. ವಿಶಾಖೆಯ ಬಳಿ ತುಂಬುವುದು ವೈಶಾಖ. ಕೃತ್ತಿಕೆಯ ಬಳಿ ತುಂಬುವುದು ಕಾರ್ತಿಕ. ಮೃಗಶಿರೆಯ ಬಳಿ ತುಂಬುವುದು ಮಾರ್ಗಶಿರ. ಹನ್ನೆರಡು ತಿಂಗಳಿಗೂ ಹೆಸರಿಟ್ಟದ್ದು ಹುಣ್ಣಿಮೆಯೇ ಎಂಬುದನ್ನು ಅಂದು ತಿಳಿದೆನು. ರಜೆಗೆಂದು ಊರಿಗೆ ಬಂದವನು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಹತ್ತಿರ ಕುಳಿತು, ಕಲಿತುದನ್ನೆಲ್ಲ ಒಂದಕ್ಷರ ಬಿಡದೆ ಒಪ್ಪಿಸಿದೆನು. ಆಕೆ ಸಮಾಧಾನದಿಂದ ಕೇಳಿ, “ಚಲೋ ಆತು. ನಿನ್ನ ಶಾಸ್ತ್ರದೊಳಗ ಕಾರಹುಣ್ಣಿವಿ ಎಂದು ಬರತದ, ನೋಡಿ ಹೇಳು, ಎತ್ತಿನ ಕೋಡಿಗೆ ಬಣ್ಣಾ ತರಬೇಕು” ಎಂದಳು.

ನನಗೆ ಸ್ವಲ್ಪ ಮುಖಭಂಗವೇ ಆಯಿತು. ನಕ್ಷತ್ರಮಂಡಲವನ್ನು ತಂದು ಮುಂದಿಟ್ಟರೆ ಈಕೆ ಎತ್ತಿನ ಕೋಡನ್ನು ಕುರಿತು ಮಾತನಾಡುವಳಲ್ಲಾ ಎಂದುಕೊಂಡೆನು.

ನಮ್ಮ ತಾಯಿಗೆ ಓದುಬರೆಹ ಬರುತ್ತಿರಲಿಲ್ಲ. ಆದರೆ ವರ್ಷದ ಲೆಕ್ಕವು ಎಂದೂ ತಪ್ಪುತ್ತಿರಲಿಲ್ಲ. ಆಕೆಯ ಪಂಚಾಂಗವು ಹೀಗಿತ್ತು: ಚೈತ್ರದಲ್ಲಿ ದವನದ ಹುಣ್ಣಿಮೆ, ವೈಶಾಖದಲ್ಲಿ ಆಗಿ ಹುಣ್ಣಿಮೆ, ಜ್ಯೇಷ್ಠದಲ್ಲಿ ಕಾರಹುಣ್ಣಿಮೆ, ಆಷಾಢದಲ್ಲಿ ಕಡ್ಲಿಗಡಬಿನ ಹುಣ್ಣಿಮೆ, ಶ್ರಾವಣದಲ್ಲಿ ನೂಲ ಹುಣ್ಣಿಮೆ, ಭಾದ್ರಪದದಲ್ಲಿ ಅನಂತನ ಹುಣ್ಣಿಮೆ, ಆಶ್ವೀಜದಲ್ಲಿ ಸೀಗಿ ಹುಣ್ಣಿಮೆ, ಕಾರ್ತಿಕದಲ್ಲಿ ಗೌರಿ ಹುಣ್ಣಿಮೆ, ಮಾರ್ಗಶಿರದಲ್ಲಿ ಹೊಸ್ತಿಲ ಹುಣ್ಣಿಮೆ, ಪುಷ್ಯದಲ್ಲಿ ಬನದ ಹುಣ್ಣಿಮೆ, ಮಾಘದಲ್ಲಿ ಭಾರತ ಹುಣ್ಣಿಮೆ, ಫಾಲ್ಗುಣದಲ್ಲಿ ಹೋಳಿ ಹುಣ್ಣಿಮೆ. ನಮ್ಮ ಬಯಲುಸೀಮೆಯ ವಾಚಕರ ಮನೆಗಳಲ್ಲಿಯೂ ಇವೇ ಹೆಸರುಗಳು ಬಳಕೆಯಲ್ಲಿರಬಹುದು. ಆಕಾಶದ ಒಂದು ನಕ್ಷತ್ರದ ಹೆಸರೂ ಈ ಪಟ್ಟಿಯಲ್ಲಿಲ್ಲ. ಇಲ್ಲಿರುವುದು ದವನದ ಎಸಳು, ಕಡಲೆಯ ಕಡುಬು, ನೂಲಿನ ಎಳೆ, ಮನೆಯ ಹೊಸ್ತಿಲು.

ಮುಂದೆ ನಾನು ಸಂಸ್ಕೃತದ ಉಪಾಧ್ಯಾಯನಾದೆನು. ವರ್ಷಕ್ಕೆ ನಾಲ್ಕಾರು ಬಾರಿಯಾದರೂ ಯಾವುದಾದರೊಂದು ಮಂಡಳಿಯವರು ಕರೆದು, ಹುಣ್ಣಿಮೆಯ ಮಹಿಮೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆನ್ನುವರು. ಚಂದ್ರನು ವಿರಾಟ್‌ಪುರುಷನ ಮನಸ್ಸಿನಿಂದ ಹುಟ್ಟಿದವನೆಂದು ಪುರುಷಸೂಕ್ತವು ಹೇಳುವುದು. ಆದುದರಿಂದ ತುಂಬಿದ ಚಂದ್ರನೆಂದರೆ ತುಂಬಿದ ಮನಸ್ಸು, ಪೂರ್ಣಿಮೆಯೆಂದರೆ ಪೂರ್ಣತೆ, ಆ ಪೂರ್ಣತೆಯನ್ನು ಧ್ಯಾನಿಸುವುದೇ ಹುಣ್ಣಿಮೆಯ ಆಧ್ಯಾತ್ಮಿಕ ಅರ್ಥ — ಇದು ನನ್ನ ಉಪನ್ಯಾಸದ ಸಾರಾಂಶ. ಸಭಿಕರು ಮೆಚ್ಚುತ್ತಿದ್ದರು. ನಾನೂ ಮೆಚ್ಚಿಕೊಂಡಿದ್ದೆನು.

ಈ ಮಾತಿನಲ್ಲಿ ಕೊರತೆಯಿರಬಹುದೆಂಬ ಸಂಶಯ ಮೊದಲು ಬಂದುದು ಒಂದು ಭಾರತ ಹುಣ್ಣಿಮೆಯಂದು. ಸವದತ್ತಿಯ ಯಲ್ಲಮ್ಮನಿಗೆ ಹೊಸ್ತಿಲ ಹುಣ್ಣಿಮೆಯಲ್ಲಿ ವೈಧವ್ಯವು ಬಂದು ಬಳೆ ಒಡೆಯುವುದೆಂದೂ, ಎರಡು ತಿಂಗಳ ಮೇಲೆ ಭಾರತ ಹುಣ್ಣಿಮೆಯಲ್ಲಿ ಆಕೆ ತಿರುಗಿ ಮುತ್ತೈದೆಯಾಗುವಳೆಂದೂ ಭಕ್ತರ ನಂಬಿಕೆ. ನಮ್ಮ ತಂದೆಯವರು ತೀರಿಕೊಂಡ ಮರುವರ್ಷ, ಬೀದಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಜನರನ್ನು ನೋಡುತ್ತ ತಾಯಿಯು, “ಆಕೀಗೆ ಎರಡ ತಿಂಗಳಿಗೆ ಬಳಿ ಬಂದವು” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆ ದಿನ ಚಂದ್ರನು ತುಂಬಿಯೇ ಇದ್ದನು. ಪೂರ್ಣತೆಯನ್ನು ಕುರಿತ ನನ್ನ ಉಪನ್ಯಾಸದಲ್ಲಿ ಆ ಬರಿಯ ಕೈಗಳಿಗೆ ಹೇಳುವಂತಹ ಮಾತೊಂದೂ ಇರಲಿಲ್ಲ. ಆದರೂ ಉಪನ್ಯಾಸವನ್ನು ನಾನು ಬದಲಿಸಲಿಲ್ಲ.

ಬದಲಿಸಬೇಕಾದ ಪ್ರಸಂಗವು 2006ರಲ್ಲಿ ಒದಗಿತು. ಮಕ್ಕಳ ವಿದ್ಯಾಭ್ಯಾಸಕ್ಕಾಗಿಯೂ, ಪಟ್ಟಣದಲ್ಲಿ ಮನೆ ಕಟ್ಟುವುದಕ್ಕಾಗಿಯೂ, ಊರಿನಲ್ಲಿದ್ದ ನಾಲ್ಕು ಎಕರೆ ಎರೆಯ ಹೊಲವನ್ನು ಆ ಬೇಸಗೆಯಲ್ಲಿ ಮಾರಿದೆನು. ಕಾಗದಪತ್ರಗಳೆಲ್ಲ ನನ್ನ ಹೆಸರಿನಲ್ಲಿದ್ದುವು. ತಾಯಿಯನ್ನು ಕೇಳಬೇಕಾದ ಅಗತ್ಯವಿರಲಿಲ್ಲ. ಕೇಳಲಿಲ್ಲ. ಆಕೆಯೂ ಏನೂ ಅನ್ನಲಿಲ್ಲ.

ಆಶ್ವೀಜವು ಬಂದಿತು. ಸೀಗಿ ಹುಣ್ಣಿಮೆಯೆಂದರೆ ಒಕ್ಕಲುತನದ ಮನೆಗಳಲ್ಲಿ ಭೂಮಿಯ ಸೀಮಂತವಿದ್ದಂತೆ. ಬೆಳೆ ಹೊತ್ತು ನಿಂತ ನೆಲವನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆಗೆಂದು ಬಗೆಬಗೆಯ ಅಡಿಗೆಯನ್ನು ಹೊಲಕ್ಕೆ ಒಯ್ಯುವರು; ಬನ್ನಿಯ ಮರದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವರು; ಆಮೇಲೆ ಹೊಲದ ಸುತ್ತಲೂ ಅನ್ನವನ್ನು ಎರಚುತ್ತ ನಡೆಯುವರು. ಇದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಮಲೆನಾಡಿನವರು ಅಂದೇ ಭೂಮಿ ಹುಣ್ಣಿಮೆಯನ್ನು ಆಚರಿಸಿ ಗದ್ದೆಗೆ ಎಡೆಯನ್ನು ಒಯ್ಯುವರು. ಊರು ಬೇರೆ, ಬೆಳೆ ಬೇರೆ, ಭಾವ ಒಂದೇ.

ಆ ದಿನ ತಾಯಿಯು ಎಂದಿನಂತೆ ಬೆಳಗಿನ ಜಾವಕ್ಕೆ ಎದ್ದು, ಹೋಳಿಗೆ, ಕಡುಬು, ಪುಂಡಿಯ ಪಲ್ಯ, ಬದನೆಯ ಎಣ್ಣೆಗಾಯಿ, ಮೊಸರನ್ನ ಎಲ್ಲವನ್ನೂ ಮಾಡಿ ಬುಟ್ಟಿಯಲ್ಲಿ ಇಟ್ಟು, ಬಿಳಿಯ ಬಟ್ಟೆಯನ್ನು ಹೊದಿಸಿ, “ತಮ್ಮಾ, ಹೊಲಕ್ಕ ಕರಕೊಂಡು ನಡಿ” ಎಂದಳು. ನಾನು, “ಅವ್ವಾ, ಹೊಲ ಈಗ ನಮ್ಮದಲ್ಲ. ಮಂದಿ ಹೊಲಕ್ಕ ಹೋಗಿ ಚರಗಾ ಚೆಲ್ಲೂದು ಚಂದ ಕಾಣೂದಿಲ್ಲ. ಮಾನಸಪೂಜಾ ಅಂತ ಶಾಸ್ತ್ರದಾಗ ಅದ, ಮನಸಿನೊಳಗ ಮಾಡು” ಎಂದೆನು.

ಆಕೆ ನನ್ನ ಮುಖವನ್ನು ನೋಡಿದಳು. “ಹೊಲಾ ಮಾರಿದಿ, ಖರೇ. ಉಂಡದ್ದನ್ನ ಹ್ಯಾಂಗ ಮಾರತಿ?”

ಈ ಪ್ರಶ್ನೆಗೆ ಉತ್ತರವು ನಾನು ಓದಿದ ಯಾವ ಶಾಸ್ತ್ರದಲ್ಲಿಯೂ ತೋರಲಿಲ್ಲ. ಪುಸ್ತಕವನ್ನು ಹಿಡಿದು ಒಳಗೆ ಹೋಗಿ ಕುಳಿತೆನು. ಸಂಜೆ ಹಿತ್ತಲಿಗೆ ಬಂದು ನೋಡಿದರೆ, ಹೊಸ ಮನೆಯ ಗೋಡೆಗೂ ಕಂಪೌಂಡಿಗೂ ನಡುವೆ ಸಿಮೆಂಟು ಬೀಳದೆ ಉಳಿದಿದ್ದ ಮೊಳದಗಲದ ಮಣ್ಣಿನಲ್ಲಿ ಅನ್ನದ ಅಗುಳುಗಳು ಬಿದ್ದಿದ್ದುವು; ಇರುವೆಗಳು ಸಾಲುಗಟ್ಟಿದ್ದುವು. ತಾಯಿಯು ಪಕ್ಕದ ಕಲ್ಲಿನ ಮೇಲೆ ಕುಳಿತು, ಎದುರು ಮನೆಯ ಮಾಳಿಗೆಯ ಹಿಂದಿನಿಂದ ಏಳುತ್ತಿದ್ದ ಚಂದ್ರನನ್ನು ನೋಡುತ್ತಿದ್ದಳು. ಮುಂದಿನ ಸೀಗಿ ಹುಣ್ಣಿಮೆಗೆ ಆಕೆ ಇರಲಿಲ್ಲ.

ಆಕೆಯ ಮಾತು ನನ್ನನ್ನು ಓದಿದ ಗ್ರಂಥಗಳಿಗೇ ಹಿಂದಿರುಗಿಸಿತು. ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುವನೆಂದು ತೈತ್ತಿರೀಯ ಸಂಹಿತೆಯು ಹೇಳುವುದು: ಋಷಿಗಳದೊಂದು, ದೇವತೆಗಳದೊಂದು, ಪಿತೃಗಳದೊಂದು. ಇದನ್ನು ತಿಳಿದು ಹುಣ್ಣಿಮೆಗಳ ಸಾಲನ್ನು ನೋಡಿದರೆ, ಅದು ಸಾಲದ ವಾಯಿದೆಗಳ ಪಟ್ಟಿಯಂತೆಯೇ ಕಾಣುವುದು. ಆಷಾಢದ ಹುಣ್ಣಿಮೆಯಂದು ವ್ಯಾಸಪೂಜೆ. ಅದು ಗುರುವಿನ ಋಣ. ಶ್ರಾವಣದಲ್ಲಿ ಉಪಾಕರ್ಮ, ಹೊಸ ಜನಿವಾರವನ್ನು ಹಾಕಿಕೊಂಡು ಋಷಿಗಳಿಗೆ ತರ್ಪಣವನ್ನು ಬಿಡುವೆವು. ಭಾದ್ರಪದದ ಹುಣ್ಣಿಮೆ ಕಳೆದ ಮರುದಿನವೇ ಪಿತೃಪಕ್ಷವು ಮೊದಲಾಗುವುದು. ವೇದಕಾಲದ ಗೃಹಸ್ಥನಾದರೋ ದರ್ಶಪೂರ್ಣಮಾಸವೆಂಬ ಇಷ್ಟಿಯನ್ನು ಪ್ರತಿ ಪಕ್ಷದಲ್ಲಿಯೂ ದೇವತೆಗಳಿಗೆ ಸಲ್ಲಿಸುತ್ತಿದ್ದನು. ಅದರ ಹಿಂದಿನ ದಿನದ ವ್ರತಕ್ಕೆ ಉಪವಸಥವೆಂದು ಹೆಸರು. ವೈಶಾಖದ ಹುಣ್ಣಿಮೆಯನ್ನು ಬುದ್ಧನ ದಿನವೆಂದು ಪೂಜಿಸುವ ಬೌದ್ಧರು ಇಂದಿಗೂ ಆಚರಿಸುವ ಉಪೋಸಥವು ಇದೇ ಪದದಿಂದ ಬಂದುದು.

ಈ ಮೂರು ಋಣಗಳು ನನಗೆ ಬಾಲ್ಯದಿಂದಲೂ ಬಾಯಿಪಾಠವಾಗಿದ್ದುವು. ಆದರೆ ತಾಯಿಯ ಪಟ್ಟಿಯು ಇನ್ನೂ ಉದ್ದವಾಗಿತ್ತು. ಕಾರಹುಣ್ಣಿಮೆಯು ಎತ್ತಿನ ಋಣ. ಅಂದು ನೊಗವಿಲ್ಲ, ಮೈ ತೊಳೆದು ಕೋಡಿಗೆ ಬಣ್ಣ ಹಚ್ಚಿ ಮೆರೆಸುವುದು. ಸಂಜೆ ಕರಿ ಹರಿಯುವಾಗ ಬಿಳಿಯ ಎತ್ತು ಮುಂದಾದರೆ ಜೋಳ ಹತ್ತಿಗಳು ಚೆನ್ನಾಗಿ ಬರುವುವೆಂದು ಊರೆಲ್ಲ ನಂಬುವುದು. ಸೀಗಿ ಹುಣ್ಣಿಮೆಯು ನೆಲದ ಋಣ. ಬನದ ಹುಣ್ಣಿಮೆಯು ಕಾಯಿಪಲ್ಯಗಳ ಋಣ. ಅಂದು ಬಾದಾಮಿಯಲ್ಲಿ ಜಾತ್ರೆ ನೆರೆಯುವ ಬನಶಂಕರಿಯು, ಬರಗಾಲದಲ್ಲಿ ತನ್ನ ಮೈಯಿಂದಲೇ ಸೊಪ್ಪುಕಾಯಿಗಳನ್ನು ಬೆಳೆದು ಲೋಕವನ್ನು ಸಲಹಿದ ಶಾಕಂಭರಿ. ದಿನವೂ ದಾಟುವ ಹೊಸ್ತಿಲಿಗೂ ಒಂದು ಹುಣ್ಣಿಮೆ ಉಂಟು. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದೆಂದು ಮಕ್ಕಳಿಗೆ ಪಾಠ ಹೇಳಿ, ಊಟಕ್ಕೆ ಮೊದಲು ಒಂದು ಹಿಡಿ ಅನ್ನವನ್ನು ಹೊರಗೆ ಇಡುತ್ತಿದ್ದವನು ನಾನು. ಅದೇ ಯಜ್ಞವನ್ನು ತಾಯಿಯು ಬುಟ್ಟಿಯಲ್ಲಿ ಹೊತ್ತು ನಿಂತಾಗ ನನಗೆ ಗುರುತು ಸಿಕ್ಕಲಿಲ್ಲ.

ಇನ್ನೊಂದು ವಿಚಾರವಿದೆ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಕಿರಣವೊಂದು ಚಂದ್ರನಲ್ಲಿ ಬೆಳಗುವುದೆಂದು ಯಾಸ್ಕನು ನಿರುಕ್ತದಲ್ಲಿಯೇ ಹೇಳಿರುವನು. ಹಾಗಾದರೆ ಹುಣ್ಣಿಮೆಯ ಚಂದ್ರನ ಪೂರ್ಣತೆಯು ಎಂತಹದು? ಯಾವ ರಾತ್ರಿ ಅವನು ಪರಿಪೂರ್ಣನಾಗಿ ಕಾಣುವನೋ, ಆ ರಾತ್ರಿಯೇ ಅವನ ಮೇಲೆ ಎರವಿನ ಹೊರೆಯು ಎಲ್ಲಕ್ಕಿಂತ ಹೆಚ್ಚು. ವರ್ಷದ ಲೆಕ್ಕದಲ್ಲಿಯೂ ಅವನು ಸಾಲಗಾರನೇ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನಗಳು, ಸೌರವರ್ಷಕ್ಕೆ 365. ವರ್ಷಕ್ಕೆ ಸುಮಾರು 11 ದಿನಗಳ ಬಾಕಿ ಬೆಳೆಯುತ್ತ ಹೋಗಿ, ಹೆಚ್ಚುಕಡಿಮೆ 33 ತಿಂಗಳಿಗೊಮ್ಮೆ ಅಧಿಕಮಾಸದಿಂದ ತೀರುವುದು. ಹಾಗೆ ತೀರಿಸದಿದ್ದರೆ ಕಾರಹುಣ್ಣಿಮೆಯು ಮಳೆಗಾಲದ ಬಾಗಿಲನ್ನು ಬಿಟ್ಟು ಚಳಿಗಾಲಕ್ಕೆ ಸರಿದೀತು. ಸೀಗಿ ಹುಣ್ಣಿಮೆಯು ಬೆಳೆಯಿಲ್ಲದ ಹೊಲಕ್ಕೆ ಬಂದೀತು. ಬಾಕಿಯನ್ನು ತೀರಿಸುವುದರಿಂದಲೇ ಹುಣ್ಣಿಮೆಯು ತನ್ನ ಋತುವಿನಲ್ಲಿ ನಿಲ್ಲುವುದು.

ಆದುದರಿಂದ ಈಗ ನನಗೆ ತೋರುವ ಅರ್ಥವು ಇಷ್ಟು: ಹುಣ್ಣಿಮೆಯು ನಮ್ಮ ಪೂರ್ಣತೆಯನ್ನು ಸಾರುವ ದಿನವಲ್ಲ; ನಮ್ಮನ್ನು ತುಂಬಿದವರು ಯಾರೆಂದು ಕೇಳುವ ದಿನ. ಆಷಾಢದ ಚಂದ್ರನು ದಕ್ಷಿಣಕ್ಕೆ ವಾಲಿ ಮೋಡದ ಹಿಂದೆ ಸಾಗುವನು; ಮಾರ್ಗಶಿರದ ಚಂದ್ರನು ನಡುರಾತ್ರಿಯಲ್ಲಿ ನೆತ್ತಿಗೆ ಬಂದು ನಿಲ್ಲುವನು. ಕಾಣಲಿ, ಕಾಣದಿರಲಿ, ಎರಡು ರಾತ್ರಿಯಲ್ಲಿಯೂ ಕೇಳುವ ಪ್ರಶ್ನೆ ಅದೇ. ತುಂಬಿದವರು ಅದಕ್ಕೆ ಉತ್ತರ ಕೊಡಬೇಕು. ನಮ್ಮ ತಾಯಿಯಂತೆ ಕಳೆದುಕೊಂಡವರೂ ಉತ್ತರ ಕೊಡಬಲ್ಲರು. ಬರಿಯ ಕೈಗಳಿಂದ ಬುಟ್ಟಿಯನ್ನು ತುಂಬಲು ಆಕೆಗೆ ಅಡ್ಡಿಯಾಗಲಿಲ್ಲವಷ್ಟೆ.

2007ರ ಸೀಗಿ ಹುಣ್ಣಿಮೆಗೆ ಬುಟ್ಟಿಯನ್ನು ಹಿಡಿದು ಬಸ್ಸು ಹತ್ತಿದೆನು. ಹೊಲವನ್ನು ಕೊಂಡವರು ಏನೆನ್ನುವರೋ ಎಂಬ ನಾಚಿಕೆಯಿಂದ ಬದುವಿನ ಮೇಲೆಯೇ ನಿಂತಿದ್ದೆನು. ಅವರ ಮನೆಯ ಹಿರಿಯಾಕೆಯು ಕಂಡು ಹತ್ತಿರ ಬಂದು, “ಬರ್ರಿ ಮಾಸ್ತರ್ರ. ಹ್ವಾದ ವರ್ಷ ನೀವು ಬರಲಿಲ್ಲಾಂತ ನಿಮ್ಮ ಅವ್ವಾರ ಹೆಸರಿಲೆ ನಾವ ಒಂದ ತುತ್ತು ಚೆಲ್ಲಿದಿವಿ” ಎಂದಳು. ನಾನು ಏನೂ ಹೇಳಲಾರದೆ ಬುಟ್ಟಿಯನ್ನು ಕೆಳಗಿಟ್ಟೆನು. ಅಂದಿನಿಂದ ಎರಡು ಮನೆಯ ಚರಗವೂ ಒಂದೇ ಬನ್ನಿಯ ಬುಡದಿಂದ ಹೊರಡುವುದು.

2023ರ ಆಗಸ್ಟ್ 23ರಂದು ನಮ್ಮ ದೇಶದ ಚಂದ್ರಯಾನವು ಚಂದ್ರನ ದಕ್ಷಿಣಧ್ರುವದ ಸಮೀಪದಲ್ಲಿ ಇಳಿದುದನ್ನು ಮನೆಯವರೆಲ್ಲ ಕುಳಿತು ನೋಡಿದೆವು. ಅದಾದ ಒಂದು ವಾರಕ್ಕೆ ನೂಲ ಹುಣ್ಣಿಮೆ. ನಾನು ತರ್ಪಣವನ್ನು ಮುಗಿಸಿ ಎದ್ದಾಗ ಮೊಮ್ಮಗನು, “ಅಜ್ಜಾ, ಅಲ್ಲೆ ಬರೇ ಮಣ್ಣು ಅದ, ನೋಡಿದಿಯಲ್ಲ? ಮಣ್ಣಿಗ್ಯಾಕ ಇಷ್ಟ ಹಬ್ಬಾ?” ಎಂದು ಕೇಳಿದನು. “ನಿನ್ನ ಮುತ್ತಜ್ಜಿ ಹೋಳಿಗಿ ಕೊಡುತಿದ್ದದ್ದೂ ಮಣ್ಣಿಗೇ” ಎಂದೆನು. ಅವನಿಗೆ ತೃಪ್ತಿಯಾಗಲಿಲ್ಲ. ಆದರೆ ಆ ವರ್ಷ ಸೀಗಿ ಹುಣ್ಣಿಮೆಗೆ ಬುಟ್ಟಿಯನ್ನು ತಾನೇ ಹಿಡಿಯುವೆನೆಂದು ಬಂದನು.

ಈಗ ಆ ಹೊಲದ ರಸ್ತೆಯ ಬದಿಯ ಭಾಗದಲ್ಲಿ ನಿವೇಶನಗಳ ಕಲ್ಲುಗಳು ನಿಂತಿವೆ. ಬನ್ನಿಯ ಮರವೂ, ಅದರಾಚೆ ಒಂದಷ್ಟು ಜೋಳವೂ ಉಳಿದಿವೆ. ಅದೂ ಹೋದ ವರ್ಷ ಎಲ್ಲಿ ಚರಗ ಚೆಲ್ಲುವುದೆಂಬುದು ನನಗೆ ಗೊತ್ತಿಲ್ಲ. ಬಹುಶಃ ಹಿತ್ತಲಿನ ಆ ಮೊಳದಗಲದ ಮಣ್ಣಿನಲ್ಲಿಯೇ ಆಗಬಹುದು. ಅಲ್ಲಿ ಈಚೆಗೆ ಸಿಮೆಂಟು ಹಾಕಿಸೋಣವೆಂದು ಮಗನು ಹೇಳಿದಾಗ ನಾನು ಬೇಡವೆಂದಿದ್ದೇನೆ. ಕಾರಣವನ್ನು ಹೇಳಿರಲಿಲ್ಲ, ಅವನು ಇದನ್ನು ಓದಿ ತಿಳಿದುಕೊಳ್ಳಲಿ.