ಗಾಲಿಯ ಮೇಲೊಂದು ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮಣ್ಣ ಇವೆರಡರ ಗೊಡವೆಗೂ ಹೋಗದೆ ಒಂದು ಹಳೆಯ ಓಮ್ನಿ ಗಾಡಿಯನ್ನು ಕೊಂಡ. ಇನ್ನು ಮೇಲೆ ಇದೇ ತನ್ನ ಮನೆ, ಇದೇ ತನ್ನ ಕಚೇರಿ ಎಂದು ಸಾರಿದ. ಅವ್ವ ಒಂದು ದಿನ ಊಟ ಬಿಟ್ಟಳು. “ಗಾಡ್ಯಾಗ ಸಂಸಾರ ಹೂಡಾಕ ನಾವೇನು ಅಲೆಮಾರಿ ಮಂದಿ ಏನಪಾ?” ಎಂಬುದು ಅವಳ ಪ್ರಶ್ನೆ. ಈ ಪ್ರಶ್ನೆ ಮುಂದೆ ನನ್ನನ್ನು ಎಲ್ಲಿಗೆ ಒಯ್ದಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಹುಬ್ಬಳ್ಳಿಯ ಕಮರಿಪೇಟೆಯ ಓಣಿಯೊಂದರಲ್ಲಿ ನಮ್ಮದು ಎರಡು ಖೋಲಿಯ ಮನೆ. ಸಾವಜಿ ಖಾನಾವಳಿಯ ಮಸಾಲೆಯ ವಾಸನೆ ಕರೆಯದೆಯೇ ಒಳಗೆ ಬರುತ್ತದೆ. ನೆರೆಮನೆಯವರ ಜಗಳವೂ ಹಾಗೆಯೇ. ಅಣ್ಣ ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ಬರೆಯುವವನು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ. ಮನೆಯಿಂದಲೇ ಕೆಲಸ ಮಾಡೆಂದು ಕಂಪನಿ ಹೇಳಿತು, ಆದರೆ ಮನೆಯಲ್ಲಿ ಜಾಗವೆಲ್ಲಿ? ಅವನು ಸಾಹೇಬರೊಡನೆ ಮಾತನಾಡುವಾಗ ಅವ್ವನ ಕುಕ್ಕರು ಮೂರು ಸಲ ಕೂಗುತ್ತಿತ್ತು. ಹೀಗಾಗಿ ಹುಟ್ಟಿದ್ದು ಗಾಡಿಯ ವಿಚಾರ.

ಓಮ್ನಿಯ ತಯಾರಿಕೆ 2019ರಲ್ಲಿಯೇ ನಿಂತಿದೆ. ಆದುದರಿಂದ ಹಳೆಯ ಗಾಡಿ ಅಗ್ಗದಲ್ಲಿ ಸಿಕ್ಕಿತು. ಗಾಡಿಯ ಮೂಲರಚನೆಯನ್ನು ಮನಬಂದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯಿದೆ ಅವಕಾಶ ಕೊಡುವುದಿಲ್ಲ. ಅಣ್ಣ ಏನನ್ನೂ ಕೊರೆಯಲಿಲ್ಲ, ಕತ್ತರಿಸಲಿಲ್ಲ. ಹಿಂದಿನ ಆಸನವನ್ನು ಮಡಚಿ ಅದರ ಮೇಲೊಂದು ಹಲಗೆ, ಹಲಗೆಯ ಮೇಲೊಂದು ಗಾದಿ. ಕೆಳಗೆ ಅಕ್ಕಿ, ಬೇಳೆ, ನೀರಿನ ಕ್ಯಾನು ಮತ್ತು 12 ವೋಲ್ಟಿನ 100 ಆಂಪಿಯರ್-ಗಂಟೆಯ ಒಂದು ಬ್ಯಾಟರಿ. ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದು ಬೇಗ ಕೆಡುತ್ತದೆ. ಆ ಅರ್ಧದಲ್ಲಿ 60 ವ್ಯಾಟಿನ ಲ್ಯಾಪ್‌ಟಾಪು ಸುಮಾರು ಹತ್ತು ಗಂಟೆ ನಡೆಯುತ್ತದೆ. ನಿಂತಲ್ಲಿ ಬಿಸಿಲಿಗೆ ಒಡ್ಡಲು 100 ವ್ಯಾಟಿನ ಒಂದು ಸೌರಫಲಕವೂ ಇತ್ತು. ಸೂರ್ಯ ಪರಮಾತ್ಮ ಪ್ರಸನ್ನನಾದರೆ ಕಚೇರಿ, ಮುನಿದರೆ ಯಾವುದಾದರೂ ಚಹಾದಂಗಡಿಯ ಪ್ಲಗ್ಗು!

ಕಳೆದ ಬೇಸಿಗೆಯ ಸೂಟಿಯಲ್ಲಿ ನಾನೂ ಅವನೊಡನೆ ಒಂದು ತಿಂಗಳು ಇದ್ದೆ. ಕಲಘಟಗಿ, ಕಿರವತ್ತಿ, ಯಲ್ಲಾಪುರ; ಮುಂದೆ ಅರಬೈಲು ಘಟ್ಟವಿಳಿದು ಅಂಕೋಲೆ. ಊರೂರು ತಿರುಗುವುದೇ ಈ ಬಾಳಿನ ಸೊಗಸೆಂದು ನಾನು ತಿಳಿದಿದ್ದೆ. ಅಣ್ಣ ಲೆಕ್ಕದವನು, ಮೊದಲ ದಿನವೇ ನನ್ನ ಭ್ರಮೆಯನ್ನು ಬಿಡಿಸಿದ. ಪೆಟ್ರೋಲು ಲೀಟರಿಗೆ ನೂರು ರೂಪಾಯಿಯ ಆಸುಪಾಸು. ಗಾಡಿ ಲೀಟರಿಗೆ ಹದಿನಾಲ್ಕು ಕಿಲೋಮೀಟರು ಓಡಿದರೆ ಪುಣ್ಯ. ದಿನವೂ ನೂರು ಕಿಲೋಮೀಟರು ಓಡಿಸಿದರೆ ತಿಂಗಳಿಗೆ ಇಪ್ಪತ್ತೊಂದು ಸಾವಿರ ರೂಪಾಯಿ ಹೊಗೆಯಾಗಿ ಹೋಗುತ್ತದೆ. ಆದ್ದರಿಂದ ಒಂದೊಂದು ಊರಿನಲ್ಲಿ ಎಂಟೆಂಟು ದಿನ ಠಿಕಾಣಿ. ಗಾಲಿಯ ಮೇಲೆ ಅಗ್ಗದಲ್ಲಿ ಬಾಳಬೇಕಾದರೆ ಗಾಲಿ ತಿರುಗಬಾರದು! ಘಟ್ಟದಲ್ಲಿ ನೋಟ ಚೆಲುವಾಗಿತ್ತು, ಆದರೆ ಸಿಗ್ನಲ್ ಇರಲಿಲ್ಲ. ಚೆಲುವಿದ್ದಲ್ಲಿ ಸಂಬಳವಿಲ್ಲ, ಸಂಬಳವಿದ್ದಲ್ಲಿ ಚೆಲುವಿಲ್ಲ ಎಂದು ಅಣ್ಣ ನಗುತ್ತಿದ್ದ. ಸ್ನಾನಕ್ಕೆ ಬಸ್‌ನಿಲ್ದಾಣದ ಸ್ನಾನಗೃಹ, ಅಡಿಗೆಗೆ ಸಣ್ಣ ಒಲೆ, ನಿದ್ದೆಗೆ ಸೊಳ್ಳೆಗಳ ಅನುಮತಿ.

ಒಂದು ಸಂಜೆ ದಾರಿಯ ಒಂದೂರಿನ ಹೊರಗಿನ ಬಯಲಿನಲ್ಲಿ ಗಾಡಿ ನಿಲ್ಲಿಸಿದೆವು. ತುಸು ದೂರದಲ್ಲಿ ಘಿಸಾಡಿಗಳ ಮೂರು ಗುಡಾರಗಳಿದ್ದವು. ಗಂಡಸು ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿದಿದ್ದ; ಹೆಂಗಸು ದೊಡ್ಡ ಸುತ್ತಿಗೆಯೆತ್ತಿ ಹೊಡೆಯುತ್ತಿದ್ದಳು. ಲಾರಿಯ ಹಳೆಯ ಪಟ್ಟಿ ನಮ್ಮ ಕಣ್ಣ ಮುಂದೆಯೇ ಕುಡಗೋಲಾಯಿತು. ಅವರಲ್ಲಿಯ ಮುದುಕನೊಬ್ಬ ನಮ್ಮ ಗಾಡಿಯನ್ನು ಸುತ್ತು ಹಾಕಿ ನೋಡಿ, “ನಿಮಗ ಮನಿ ಇಲ್ಲೇನ್ರೀ?” ಎಂದು ಕೇಳಿದ.

“ಐತಿ ಅಜ್ಜ, ಹುಬ್ಬಳ್ಯಾಗ.”

“ಮತ್ತ ಇದ್ಯಾಕ್ರೀ?”

ಅಣ್ಣನಿಗೆ ಉತ್ತರ ಹೊಳೆಯಲಿಲ್ಲ. ಮುದುಕನೇ ಮುಂದುವರಿದ: “ಮೊಮ್ಮಗಳನ್ನ ಸಾಲಿಗೆ ಹಚ್ಚಬೇಕಂತ ಮಾಡೀನ್ರಿ. ಹ್ವಾದಲ್ಲೆಲ್ಲ ‘ನಿನ್ನ ವಿಳಾಸ ಯಾವುದು?’ ಅಂತಾರ. ಏನ್ ಹೇಳ್ಲಿ?”

ಕತ್ತಲಾದ ಮೇಲೆ ಆ ಬಯಲಿನ ಕಾವಲಿನವನು ಬಂದ. ನಮ್ಮ ಗಾಡಿಯ ಹತ್ತಿರ ನಿಂತು, “ಇಲ್ಲಿ ಕಳ್ಳರ ಕಾಟ ಸರ್, ಹುಷಾರಾಗಿರಿ” ಎಂದ. ಗುಡಾರಗಳ ಹತ್ತಿರ ಹೋಗಿ, “ಮುಂಜಾನೆ ಇಲ್ಲಿ ಯಾರೂ ಕಾಣಬಾರದು” ಎಂದ. ಬಯಲು ಒಂದೇ, ರಾತ್ರಿಯೂ ಒಂದೇ. ನಮಗೆ ಎಚ್ಚರಿಕೆ ಹೇಳಿದ ಬಾಯಿ ಅವರಿಗೆ ಅಪ್ಪಣೆ ಕೊಟ್ಟಿತು. ಬೆಳಗಾಗುವುದರೊಳಗೆ ಅಲ್ಲಿ ಬರಿಯ ಬೂದಿ ಉಳಿದಿತ್ತು. ನಾವು ಏಳುವ ಹೊತ್ತಿಗೆ ಬಿಸಿಲೇರಿತ್ತು. ನಮ್ಮನ್ನು ಯಾರೂ ಎಬ್ಬಿಸಲಿಲ್ಲ.

ಕಾಲೇಜು ತೆರೆದ ಮೇಲೆ ಇತಿಹಾಸದ ಗುರುಗಳಿಗೆ ಇದನ್ನು ಹೇಳಿದೆ. ಅವರು ನನ್ನನ್ನು ಕೂಡಿಸಿಕೊಂಡು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಕಥೆಯನ್ನು ವಿವರಿಸಿದರು. ಊರೂರು ಅಲೆದು ಹೊಟ್ಟೆ ಹೊರೆಯುತ್ತಿದ್ದ ಎಷ್ಟೋ ಸಮುದಾಯಗಳನ್ನು ಬ್ರಿಟಿಷ್ ಸರಕಾರ ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. 1911ರ ಕಾಯಿದೆ ಅದನ್ನು ಇನ್ನಷ್ಟು ಹರಡಿತು. ಪಟ್ಟಿಯಲ್ಲಿದ್ದವರು ಅಧಿಕಾರಿಗಳಿಗೆ ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಅಂಥವರನ್ನು ನೆಲೆ ನಿಲ್ಲಿಸಲೆಂದು ಮುಂಬಯಿ ಸರಕಾರ ತೆರೆದ ವಸತಿಗಳಲ್ಲೊಂದು ನಮ್ಮ ಹುಬ್ಬಳ್ಳಿಯಲ್ಲಿಯೇ ಇತ್ತು. ಊರವರು ಇಂದಿಗೂ ಆ ಭಾಗವನ್ನು ‘ಸೆಟ್ಲಮೆಂಟ್’ ಎನ್ನುತ್ತಾರೆ. ಆ ಹೆಸರನ್ನು ಚಿಕ್ಕಂದಿನಿಂದ ಕೇಳಿದ್ದೆ. ಅರ್ಥವನ್ನು ಒಮ್ಮೆಯೂ ಕೇಳಿರಲಿಲ್ಲ. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಪಟ್ಟಿ ಹೋಯಿತು, ಆದರೆ ಆ ನೋಟ ಹೋಯಿತೆ? ಅವ್ವ ‘ಅಲೆಮಾರಿ ಮಂದಿ’ ಎಂದು ಮೂಗು ಮುರಿದಾಗ ನಾನೂ ನಕ್ಕಿದ್ದೆನಲ್ಲ!

ಸಿರಿವಂತ ಅಮೇರಿಕದಲ್ಲಿಯೂ 2008ರ ಆರ್ಥಿಕ ಕುಸಿತದ ತರುವಾಯ ಎಷ್ಟೋ ವಯಸ್ಸಾದವರು ಮನೆ ತೊರೆದು ಗಾಡಿಗಳಲ್ಲಿ ಬಾಳುತ್ತ, ಸುಗ್ಗಿಯಲ್ಲಿ, ಗೋದಾಮುಗಳಲ್ಲಿ ಕೂಲಿ ಮಾಡುತ್ತ ತಿರುಗಿದರು. ಅವರನ್ನು ಕುರಿತ ‘ನೊಮ್ಯಾಡ್‌ಲ್ಯಾಂಡ್’ ಚಿತ್ರ 2021ರಲ್ಲಿ ಶ್ರೇಷ್ಠ ಚಿತ್ರವೆಂದು ಆಸ್ಕರ್ ಪಡೆಯಿತು. ಅಲೆದಾಟ ಒಬ್ಬರಿಗೆ ಹವ್ಯಾಸ, ಒಬ್ಬರಿಗೆ ಕುಲಕಸುಬು, ಇನ್ನೊಬ್ಬರಿಗೆ ನಿರುಪಾಯ. ದೂರದಿಂದ ನೋಡುವವರಿಗೆ ಮೂರೂ ಒಂದೇ ಎಂದು ತೋರಬಹುದು. ಆದರೆ ನಮ್ಮಣ್ಣ ಬಯಲಿನಲ್ಲಿ ನಿಶ್ಚಿಂತೆಯಿಂದ ಮಲಗುವುದು ಓಮ್ನಿಯ ಬಲದಿಂದಲ್ಲ. ಕಮರಿಪೇಟೆಯಲ್ಲಿ ಒಂದು ಬಾಗಿಲಿರುವುದರಿಂದ. ಬ್ಯಾಂಕಿನ ಕಾಗದ ಅಲ್ಲಿಗೆ ಬರುತ್ತದೆ, ಮತದಾರರ ಯಾದಿಯಲ್ಲಿ ಹೆಸರು ಅಲ್ಲಿದೆ, ಜ್ವರ ಬಂದರೆ ಗಾಡಿ ಅಲ್ಲಿಗೇ ತಿರುಗುತ್ತದೆ. ಅವ್ವ ಆ ಮನೆಯನ್ನು ಹಿಡಿದುಕೊಂಡು ಕುಳಿತಿರುವುದರಿಂದಲೇ ಅವನು ಮನೆ ಬಿಟ್ಟಿರಬಲ್ಲ.

ಇದನ್ನು ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಆ ಅಜ್ಜನ ಹೆಸರನ್ನಾದರೂ ಕೇಳಬೇಕಿತ್ತು” ಎಂದ.

ಅಂದು ಆ ಗುಡಾರದಲ್ಲಿ ನಾವು ಅವ್ವನಿಗೆಂದು ಒಂದು ಈಳಗಿಯನ್ನು ಕೊಂಡಿದ್ದೆವು. ಅದು ಅವಳಿಗೆ ಬಹಳ ಮೆಚ್ಚುಗೆಯಾಗಿದೆ. ಮೊನ್ನೆ ಬದನೆಕಾಯಿ ಹೆಚ್ಚುತ್ತ, “ಎಷ್ಟ್ ಹರಿತ ಐತಿ ನೋಡು. ಮೊಂಡಾದ್ರ ಮತ್ತ ಅವರ ಕಡೇನ ಒಯ್ದು ಸಾಣೆ ಹಿಡಿಸ್ಕೊಂಡು ಬಾ. ಎಲ್ಲಿರ್ತಾರ ಅವರು?” ಎಂದು ಕೇಳಿದಳು.

ನನಗೂ ಉತ್ತರ ಹೊಳೆಯಲಿಲ್ಲ.