ಮನೆಯಲ್ಲಿ ಯಾರಿದ್ದಾರೆ?

ಈಗ ಎಂ.ಎಸ್ಸಿ.ಗೆ ಬರುವ ಮಕ್ಕಳಿಗೆ ಕೊರೋನಾ ಕಾಲ ಎಂದರೆ ಶಾಲೆಯ ದಿನಗಳ ಮಸುಕು ನೆನಪು. ಪ್ರಯೋಗಾಲಯದಲ್ಲಿ ಕೆಲಸ ಮುಗಿದ ಸಂಜೆ ಒಮ್ಮೊಮ್ಮೆ ಕೇಳುತ್ತಾರೆ, "ಆಗ ಕ್ಯಾಂಪಸ್ ಮತ್ತೆ ಹೇಗೆ ತೆಗೆದಿರಿ, ಮೇಡಂ?" ಕೂರಿಸಿಕೊಂಡು ಹೇಳುತ್ತೇನೆ. ಹೇಳಲೇಬೇಕಾದ ಕಥೆ ಅದು.

2020ರ ಮಾರ್ಚ್ ಮಧ್ಯದಲ್ಲಿ ತರಗತಿಗಳು ನಿಂತವು. ಒಂದೆರಡು ವಾರದ ಮಾತು ಎಂದುಕೊಂಡು ಹಾಸ್ಟೆಲ್ ಹುಡುಗಿಯರು ಪುಸ್ತಕಗಳನ್ನೂ ಬಿಟ್ಟು ಊರಿಗೆ ಹೋದರು. ಆಮೇಲೆ ಎಲ್ಲವೂ ಮೊಬೈಲಿನಲ್ಲೇ. ನಮ್ಮದು ಮಲೆನಾಡು. ಮಳೆ ಹಿಡಿದರೆ ಕರೆಂಟಿಲ್ಲ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲೆ ಕೊಡೆ ಹಿಡಿದು ಕೂತು ಪಾಠ ಕೇಳಿದವರಿದ್ದರು. ರಸಾಯನಶಾಸ್ತ್ರದ ಹುಡುಗರು ತಿಂಗಳುಗಟ್ಟಲೆ ಬ್ಯುರೆಟ್ ಮುಟ್ಟಿರಲಿಲ್ಲ. ಕೆಲವು ಹುಡುಗಿಯರ ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು. ಮುಚ್ಚಿದ ಬಾಗಿಲಿನಿಂದಲೂ ಕೇಡಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ನೋಡುತ್ತಿದ್ದೆವು.

ನವೆಂಬರ್ 17ರಿಂದ ಕಾಲೇಜುಗಳನ್ನು ತೆರೆಯಬಹುದೆಂದು ರಾಜ್ಯ ಸರ್ಕಾರ ಹೇಳಿತು. ಅದೇ ತಿಂಗಳ ಮೊದಲ ವಾರ ಯುಜಿಸಿಯ ಮಾರ್ಗಸೂಚಿಯೂ ಬಂತು. ಬರುವುದು ಕಡ್ಡಾಯವಲ್ಲ, ಬರುವವರು ಪೋಷಕರ ಒಪ್ಪಿಗೆ ಪತ್ರ ಮತ್ತು ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಬೇಕು. ವರದಿ 72 ಗಂಟೆಯೊಳಗಿನದಾಗಿರಬೇಕು. ಮಾದರಿ ಕೊಟ್ಟ ಮೂರನೆಯ ದಿನ ವರದಿ ಬಂದರೆ ಅದರ ಅವಧಿ ಅಲ್ಲಿಗೇ ಮುಗಿಯುತ್ತಿತ್ತು. ಬಸ್ಸಿಗೆ ದುಡ್ಡು ಹಾಕಿಕೊಂಡು ಬಂದ ಹುಡುಗ ಗೇಟಿನಲ್ಲಿ ನಿಂತು "ಇನ್ನೂ ಮೆಸೇಜ್ ಬಂದಿಲ್ಲ ಮೇಡಂ" ಎಂದರೆ ವಾಪಸ್ ಕಳಿಸುವುದು ಹೇಗೆ? ಕೊನೆಗೆ ಆರೋಗ್ಯ ಇಲಾಖೆಯವರನ್ನು ಕ್ಯಾಂಪಸ್ಸಿಗೇ ಕರೆಸಿ, ಹಲಸಿನ ಮರದ ಕೆಳಗೆ ಬಯಲಲ್ಲೇ ಗಂಟಲು ದ್ರವ ತೆಗೆಸಿದೆವು. ವರದಿ ಬರುವ ತನಕ ಹಾಸ್ಟೆಲ್ ಕೋಣೆಗೆ ಒಬ್ಬೊಬ್ಬರೇ. ಊಟದ ತಟ್ಟೆ ಬಾಗಿಲಿಗೇ ಹೋಗುತ್ತಿತ್ತು. ಜ್ವರ ನೋಡುವ ಯಂತ್ರವನ್ನಷ್ಟೇ ನಂಬುವಂತಿರಲಿಲ್ಲ. ಜ್ವರವೇ ಬಾರದೆ ಸೋಂಕು ಹರಡುವವರಿದ್ದರು.

ಆಗ ಎಲ್ಲೆಲ್ಲೂ ಬೆಂಚು ಒರೆಸುವ, ಔಷಧಿ ಸಿಂಪಡಿಸುವ ಭರಾಟೆ. ಆದರೆ ಸೋಂಕು ಗಾಳಿಯಲ್ಲೂ ಹರಡುತ್ತದೆ ಎಂದು ಆ ಜುಲೈಯಲ್ಲೇ 239 ವಿಜ್ಞಾನಿಗಳು ಬಹಿರಂಗವಾಗಿ ಬರೆದಿದ್ದರು. ನಮ್ಮ ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಅದನ್ನು ಸಭೆಯಲ್ಲಿ ಓದಿ, "ಮೊದಲು ಕಿಟಕಿ ನೋಡೋಣ" ಎಂದರು. ಹೋಗಿ ನೋಡಿದರೆ ಅರ್ಧಕ್ಕರ್ಧ ಕಿಟಕಿಗಳ ಚಿಲಕ ತುಕ್ಕು ಹಿಡಿದು ಕೂತಿತ್ತು. ನಮ್ಮ ಅಟೆಂಡರ್ ಕೊಬ್ಬರಿ ಎಣ್ಣೆ, ಸ್ಕ್ರೂಡ್ರೈವರ್ ಹಿಡಿದು ಕೋಣೆಯಿಂದ ಕೋಣೆಗೆ ನಡೆದರು. ಚಿಲಕಕ್ಕೆ ಎಣ್ಣೆ ಬಿಟ್ಟು, ಸ್ವಲ್ಪ ಕಾದು, ಮೆಲ್ಲಗೆ ತಟ್ಟಿ ಬಿಡಿಸುತ್ತಿದ್ದರು. ಬಿಚ್ಚದೇ ಇದ್ದ ಕಡೆ ಕಿಟಕಿಯ ಕದವನ್ನೇ ಕಳಚಿಟ್ಟರು. ಪ್ರಯೋಗಾಲಯದ ಎಕ್ಸಾಸ್ಟ್ ಫ್ಯಾನುಗಳು ಬೆಳಗಿನಿಂದ ಸಂಜೆಯವರೆಗೆ ತಿರುಗಿದವು. ಆ ಕಿಟಕಿಗಳಷ್ಟು ಬೆಲೆಬಾಳುವ ಕೆಲಸ ಬೇರೊಂದಿರಲಿಲ್ಲ ಎಂದು ಇಂದಿಗೂ ನಂಬಿದ್ದೇನೆ.

ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ನಾವೇ ಒಂದು ಪ್ರಶ್ನೆ ಸೇರಿಸಿದ್ದೆವು: "ಮನೆಯಲ್ಲಿ ಯಾರಿದ್ದಾರೆ?" ಇಪ್ಪತ್ತೆರಡರ ಹುಡುಗನಿಗೆ ಬಂದ ಸೋಂಕು ಕೆಮ್ಮಿನಲ್ಲೇ ಹೋದೀತು, ಸಂಜೆ ಬಸ್ಸಿನಲ್ಲಿ ಅದು ಅವನ ಜೊತೆ ಅಜ್ಜನ ಹಾಸಿಗೆಯವರೆಗೂ ಹೋಗುತ್ತದೆ. ಲಸಿಕೆ ಇನ್ನೂ ಬಂದಿರಲಿಲ್ಲ.

ಅಂತಿಮ ವರ್ಷದ ಒಬ್ಬ ಹುಡುಗಿ ಆ ಪ್ರಶ್ನೆಗೆ ಉತ್ತರಿಸುವ ಮೊದಲೇ ಅತ್ತಳು. ಮನೆಯಲ್ಲಿ ಅಜ್ಜಿ, ಅಜ್ಜಿಗೆ ಉಬ್ಬಸ. "ಪ್ರಾಕ್ಟಿಕಲ್ ಬಿಟ್ಟರೆ ವರ್ಷ ಹೋಗುತ್ತೆ, ಬಂದರೆ ಅಜ್ಜಿ..." ಎಂದು ಅಲ್ಲಿಗೇ ನಿಲ್ಲಿಸಿದಳು. ನಾವು ವೇಳಾಪಟ್ಟಿಯನ್ನೇ ಮುರಿದು ಕಟ್ಟಿದೆವು. ಥಿಯರಿ ಆನ್‌ಲೈನಿನಲ್ಲೇ ಇರಲಿ, ಪ್ರಾಕ್ಟಿಕಲ್‌ಗಳೆಲ್ಲ ಒಟ್ಟಿಗೆ ನಡೆಯಲಿ, ದಿನಾ ಮನೆಗೆ ಓಡಾಡದೆ ಹಾಸ್ಟೆಲಿನಲ್ಲಿದ್ದು ಮುಗಿಸಲಿ, ಹೊರಡುವ ಮುನ್ನ ಮತ್ತೊಮ್ಮೆ ಪರೀಕ್ಷೆ. ಒಬ್ಬಳಿಗಾಗಿ ಮಾಡಿದ ಈ ಏರ್ಪಾಡು ಅವಳಂಥ ಎಲ್ಲರಿಗೂ ಒದಗಿತು. ಅವಳು ಎಂ.ಎಸ್ಸಿ. ಮುಗಿಸಿದಳು. ಅಜ್ಜಿ ಆ ಚಳಿಗಾಲ ದಾಟಿದರು.

2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಮತ್ತೆ ಬಾಗಿಲು ಹಾಕಿದೆವು. ಜುಲೈ ಕೊನೆಯಲ್ಲಿ ತೆರೆಯುವಾಗ ಒಂದು ಡೋಸ್ ಲಸಿಕೆಯಾದರೂ ಆಗಿರಬೇಕೆಂಬ ನಿಯಮವಿತ್ತು. ಆ ಹೊತ್ತಿಗೆ ನಮಗೆ ಗೊತ್ತಿತ್ತು: ಮುಚ್ಚಲು ಒಂದು ಆದೇಶ ಸಾಕು, ಸುರಕ್ಷಿತವಾಗಿ ತೆರೆದಿಡಲು ಪ್ರತಿದಿನ ದುಡಿಯಬೇಕು. ಈ ಮಕ್ಕಳಲ್ಲಿ ಕೆಲವರು ನಾಳೆ ಮೇಷ್ಟ್ರಾಗುತ್ತಾರೆ, ಪ್ರಿನ್ಸಿಪಾಲರಾಗುತ್ತಾರೆ. ಇನ್ನೊಂದು ರೋಗ ಬಂದ ದಿನ ಅವರು ಗೇಟಿಗೆ ಬಂದವರನ್ನು ಮೊದಲು ಕೇಳಬೇಕಾದದ್ದು ಮನೆಯಲ್ಲಿ ಯಾರಿದ್ದಾರೆ ಎಂದು. ವೇಳಾಪಟ್ಟಿಯನ್ನು ಆ ಉತ್ತರ ನೋಡಿಕೊಂಡೇ ಬರೆಯಬೇಕು.