ಬಿಸ್ಕತ್ ಡಬ್ಬಿಯಲ್ಲಿ ಅಜ್ಜಿಯ ದನಿ

ಕಡೂರು, ತರೀಕೆರೆ ಕಡೆಯ ಜಾತ್ರೆಗಳಲ್ಲಿ ‘ಹಲೋ, ಮೈಕ್ ಟೆಸ್ಟಿಂಗ್’ ಎಂಬ ಕೂಗು ಕೇಳದವರಿಲ್ಲ. ಆದರೆ ಆ ಮೈಕಿನಲ್ಲಿ ಹುಟ್ಟುವ ವಿದ್ಯುತ್ತು ಎಷ್ಟು? ಬಾಯಿಗೆ ಹತ್ತಿರ ಹಿಡಿದು ಮಾತಾಡಿದರೂ ಸಾಮಾನ್ಯ ಡೈನಮಿಕ್ ಮೈಕ್ ಕೊಡುವುದು ಒಂದೆರಡು ಮಿಲಿವೋಲ್ಟ್. ಟಾರ್ಚಿನ ಸೆಲ್ಲಿನ ಹೆಚ್ಚುಕಡಿಮೆ ಸಾವಿರದಲ್ಲೊಂದು ಪಾಲು. ಅದನ್ನು ಕೆಲವು ನೂರು ಪಟ್ಟು ಹಿಗ್ಗಿಸಿ ಮುಂದಿನ ಯಂತ್ರಕ್ಕೆ ದಾಟಿಸುವುದೇ ಪ್ರೀಆಂಪ್ಲಿಫೈಯರ್‌ನ ಕೆಲಸ.

ಅಜ್ಜಂಪುರದ ಪಿಯುಸಿ ಹುಡುಗನೊಬ್ಬ ಇದನ್ನು ಹಳೆಯ ಕ್ರಮದಲ್ಲಿ, ಐಸಿ ಬಳಸದೆ, ಬಿಡಿ ಟ್ರಾನ್ಸಿಸ್ಟರ್‌ಗಳಿಂದ ಕಟ್ಟಲು ಕುಳಿತ. ಕಾರಣ ಅಜ್ಜಿ. ಸೋಬಾನೆ ಪದ ಬಲ್ಲ ಅವರಿಗೆ ಎಂಬತ್ತು ದಾಟಿತ್ತು, ದನಿ ಇಳಿಯುತ್ತಿತ್ತು. ‘ಮೊಬೈಲಲ್ಲೇ ಹಿಡೀಬಹುದಲ್ಲೋ’ ಎಂದರು ಅಮ್ಮ. ‘ಅದರೊಳಗೆ ಏನಾಗುತ್ತೆ ಅಂತ ಬಿಚ್ಚಿ ನೋಡಕ್ಕಾಗಲ್ಲಮ್ಮ’ ಎಂದ. ಪರೀಕ್ಷೆಗೆ ಎರಡೇ ತಿಂಗಳಿತ್ತು. ಅಪ್ಪ ಮಾತು ಬಿಟ್ಟರು.

ತರೀಕೆರೆಯ ರೇಡಿಯೋ ರಿಪೇರಿಯವರೊಬ್ಬರ ಹಳೆಯ ಸಾಮಾನಿನಲ್ಲಿ ಎರಡು ಬಿಸಿ 109 ಟ್ರಾನ್ಸಿಸ್ಟರ್ ಸಿಕ್ಕವು. ಒಳಸದ್ದು ಕಡಿಮೆ ಎಂದೇ ಹೆಸರಾದ ಬಗೆ ಅದು. ಉಳಿದ ಬಿಡಿಭಾಗ, 9 ವೋಲ್ಟಿನ ಬ್ಯಾಟರಿ ಕಡೂರಿನಿಂದ ಬಂದವು. ಇನ್ನೂ ಹಳೆಯ ವಾಲ್ವ್ ಪ್ರೀಆಂಪ್‌ಗೆ ಸಾಮಾನ್ಯವಾಗಿ ಇನ್ನೂರು ವೋಲ್ಟಿಗೂ ಮೇಲೆ ಬೇಕು. ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರ್‌ನಲ್ಲಿ ಉಳಿದು ಪ್ರಾಣಕ್ಕೆ ಎರವಾಗಬಲ್ಲದು. ಹುಡುಗರು ಒಂಟಿಯಾಗಿ ಕೈಹಾಕುವ ಕೆಲಸವಲ್ಲ.

ಎಲ್ಲ ಬೆಸೆದು, ಹಳೆಯ ಟೇಪ್ ರೆಕಾರ್ಡರಿಗೆ ಜೋಡಿಸಿದ. ಅಜ್ಜಿ ಹಾಡಿದರು. ಕೇಳಿದ್ದು ‘ಗುಂಯ್’ ಎಂಬ ಸದ್ದು. ಹಾಡು ಅದರಡಿ ಹೂತುಹೋಗಿತ್ತು. ಹುಡುಗ ಮೈಕ್ ಬಿಚ್ಚಿ, ಅದರ ಜಾಗದಲ್ಲಿ 220 ಓಮ್‌ನ ರೆಸಿಸ್ಟರ್ ಕೂರಿಸಿದ. ಗುಂಯ್ ಬಹುಪಾಲು ಅಡಗಿ, ‘ಸುಸ್’ ಎಂಬ ಸಣ್ಣ ಸದ್ದು ಉಳಿಯಿತು. ‘ಈಗ್ಯಾಕೆ ನಿಂತಿತು?’ ಬಾಗಿಲಲ್ಲಿ ನಿಂತಿದ್ದ ಅಪ್ಪ ಕೇಳಿಯೇಬಿಟ್ಟರು.

ಸರ್ಕ್ಯೂಟಿನಲ್ಲಿ ತಪ್ಪಿರಲಿಲ್ಲ. ಮೈಕಿನ ಉದ್ದನೆಯ ತಂತಿ ಮನೆಯ ವೈರಿಂಗಿನ 50 ಹರ್ಟ್ಸ್ ಗುಂಗನ್ನು ಏರಿಯಲ್‌ನಂತೆ ಹಿಡಿಯುತ್ತಿತ್ತು. ಜಾಲರಿ ಹೊದಿಕೆಯ ವೈರ್ ಹಾಕಿ, ಸರ್ಕ್ಯೂಟನ್ನು ತಗಡಿನ ಬಿಸ್ಕತ್ ಡಬ್ಬಿಯಲ್ಲಿಟ್ಟು, ಜಾಲರಿ, ಡಬ್ಬಿ ಎರಡನ್ನೂ ಬ್ಯಾಟರಿಯ ನೆಗೆಟಿವ್ ಕಡೆಗೆ ಸೇರಿಸಿದ. ಅಜ್ಜಿ ಏರುದನಿ ತೆಗೆದಾಗ ಶಬ್ದ ಒಡೆಯಿತು. ಒಂದು ರೆಸಿಸ್ಟರ್ ಬದಲಿಸಿ ವರ್ಧನೆ ತಗ್ಗಿಸಿದ. ಡಬ್ಬಿಯ ಮುಚ್ಚಳ ಒತ್ತಿಹಿಡಿದವರು ಅಪ್ಪ.

ಇಂಥ ಹುಚ್ಚು ನಮ್ಮ ನಾಡಿಗೆ ಹೊಸತಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಎಂಜಿನಿಯರ್ ಆಗಿರಲಿಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ನಿಲಯಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಬಂತು. ಮಕ್ಕಳು ತಂತಿ ಹರಡಿಕೊಂಡು ಕುಳಿತಾಗ ‘ಮಾರ್ಕ್ಸ್ ಬರುತ್ತಾ?’ ಎನ್ನುವ ಮೊದಲು ‘ಏನು ಹುಡುಕ್ತಿದ್ದೀಯ?’ ಎಂದು ಕೇಳಿದರೆ ಪಾಠಪುಸ್ತಕದ ಮಿಲಿವೋಲ್ಟ್, ಹರ್ಟ್ಸ್‌ಗಳೂ ಮಾತಿಗೆ ಬರುತ್ತವೆ. ದಿನಕ್ಕೊಂದು ಗಂಟೆ ಸಾಕು, ಪರೀಕ್ಷೆಯೇನೂ ಮುಳುಗದು.

ಕೊನೆಗೆ ಹಾಡು ಸ್ಪಷ್ಟವಾಗಿ ಕೇಳಿತು, ಉಸಿರೆಳೆದುಕೊಳ್ಳುವುದೂ ಸೇರಿ. ಅಜ್ಜಿ ಕಣ್ಮುಚ್ಚಿ ಪೂರ್ತಿ ಆಲಿಸಿದರು. ‘ಚೆನ್ನಾಗೈತೆ ಮಗಾ. ಆದ್ರೆ ನಡುವೆ ಒಂದು ನುಡಿ ಬಿಟ್ಬಿಟ್ಟೀನಿ. ಇನ್ನೊಂದ್ಸಲ ಹಿಡಿ’ ಎಂದರು.